ಸಡಿಲವಾದ ನಂಟು ಕಾಯುವ ದಾರಿ

ಸಂಶೋಧನಾ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳ ಮೇಲೆ ನಡೆಸಿದ ಒಂದು ದಿನದ ಪ್ರಯೋಗ ನನ್ನ ಮನಸ್ಸಿನಲ್ಲಿ ಇಂದಿಗೂ ಅಚ್ಚಳಿಯದೆ ಉಳಿದಿದೆ. 1990ರಲ್ಲಿ ಸ್ಟೀಫನ್ ಆಡಮ್, ಲ್ಯಾರಿ ಗೆರೇಸ್ ಮತ್ತು ಸಂಗಡಿಗರು ರೂಪಿಸಿದ ವಿಧಾನವದು. ಡಿಜಿಟೋನಿನ್ ಎಂಬ ಸಸ್ಯಜನ್ಯ ರಾಸಾಯನಿಕವು ಕೊಲೆಸ್ಟರಾಲ್ ಹೆಚ್ಚಿರುವ ಕೋಶದ ಹೊರಪೊರೆಯಲ್ಲಿ ತೂತು ಮಾಡುತ್ತದೆ, ನ್ಯೂಕ್ಲಿಯಸ್ಸಿನ ಪೊರೆಗೆ ಮಾತ್ರ ಧಕ್ಕೆ ತರುವುದಿಲ್ಲ. ಹೀಗಾಗಿ ನಾವು ಹಾಕಿದ ಅಣು, ನ್ಯೂಕ್ಲಿಯಸ್ಸಿನ ಪೊರೆಯಲ್ಲಿರುವ ದ್ವಾರವಾದ ನ್ಯೂಕ್ಲಿಯರ್ ರಂಧ್ರವನ್ನು ದಾಟುವುದೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು.

ಆ ದಿನ ಹಸಿರಾಗಿ ಹೊಳೆಯುವ 70 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿಯನ್ನೂ, ನ್ಯೂಕ್ಲಿಯಸ್ಸಿನೊಳಗೆ ಸರಕು ಸಾಗಿಸುವ, ಕೆಂಪು ಬಣ್ಣ ಕಟ್ಟಿದ ಇಂಪಾರ್ಟಿನ್ ಬೀಟಾ ಪ್ರೋಟೀನನ್ನೂ ಒಟ್ಟಿಗೆ ಹಾಕಿದ್ದೆವು. ಹಸಿರು ಬಣ್ಣ ಹೊರಗೇ ನಿಂತು, ಅದರ ನಡುವೆ ನ್ಯೂಕ್ಲಿಯಸ್ಸುಗಳು ಕಪ್ಪು ಬಿಲ್ಲೆಗಳಂತೆ ಕಾಣುತ್ತಿದ್ದವು. ಕೆಂಪು ಮೊದಲು ಪೊರೆಯ ಸುತ್ತ ತೆಳುವಾದ ಉಂಗುರ ಕಟ್ಟಿ, ನೋಡನೋಡುತ್ತಿದ್ದಂತೆಯೇ ಒಳಗೂ ತುಂಬಿಕೊಂಡಿತು. ಇಂಪಾರ್ಟಿನ್ ಬೀಟಾದ ತೂಕ 97 ಕಿಲೋಡಾಲ್ಟನ್. ಅಂದರೆ ಹೆಚ್ಚು ತೂಕದ್ದು ದಾಟಿತು, ಕಡಿಮೆ ತೂಕದ್ದು ಹೊರಗುಳಿಯಿತು.

ಇದಕ್ಕೆ ಕಾರಣ ಪ್ರೋಟೀನುಗಳ ಪರಸ್ಪರ ಸ್ಪರ್ಶ. ಸುಮಾರು 30 ಬಗೆಯ ನ್ಯೂಕ್ಲಿಯೊಪೋರಿನ್ ಎಂಬ ಪ್ರೋಟೀನುಗಳು ಎಂಟು ಮಡಿಯ ಸಮಮಿತಿಯಲ್ಲಿ ಸೇರಿ ಕಟ್ಟಿದ ಈ ರಂಧ್ರದ ನಡುಭಾಗವನ್ನು, ಫಿನೈಲ್‌ಅಲನೀನ್ ಮತ್ತು ಗ್ಲೈಸೀನ್ ಎಂಬ ಅಮೈನೋ ಆಮ್ಲಗಳ ಜೋಡಿಗಳು ಮರುಕಳಿಸುವ, ನಿಶ್ಚಿತ ಆಕಾರವಿಲ್ಲದ ಸರಪಳಿಗಳು ತುಂಬಿರುತ್ತವೆ. ಇಂಪಾರ್ಟಿನ್ನಿನ ಮೈಮೇಲಿನ ಪುಟ್ಟ ಗುಳಿಗಳಿಗೆ ಈ ಫಿನೈಲ್‌ಅಲನೀನ್‌ಗಳು ಹೊಂದಿಕೊಳ್ಳುತ್ತವೆ. ಒಂದೊಂದು ಸ್ಪರ್ಶವೂ ದುರ್ಬಲ, ಕ್ಷಣಿಕ. ಆದರೆ ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುವುದರಿಂದ ಪ್ರೋಟೀನು ಎಲ್ಲಿಯೂ ಸಿಕ್ಕಿಕೊಳ್ಳದೆ ಕೆಲವೇ ಮಿಲಿಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಬಿಗಿಯಾಗಿ ಅಂಟಿಕೊಂಡಿದ್ದರೆ ದಾರಿಯೇ ಕಟ್ಟಿಹೋಗುತ್ತಿತ್ತು.

ಮಧ್ಯಾಹ್ನ ಬೇರೊಂದು ತಟ್ಟೆಗೆ ಶೇ 5ರ 1,6-ಹೆಕ್ಸೇನ್‌ಡಯಾಲ್ ಹಾಕಿದೆವು. ನೀರಿನಿಂದ ದೂರ ಸರಿಯುವ ಗುಂಪುಗಳ ನಡುವಿನ ಸಡಿಲ ಬಂಧಗಳನ್ನು ಅದು ಬಿಡಿಸುತ್ತದೆ. ಬೆಳಿಗ್ಗೆ ಕಪ್ಪಾಗಿ ಕಂಡಿದ್ದಂಥ ನ್ಯೂಕ್ಲಿಯಸ್ಸುಗಳೊಳಗೆ ಈಗ ಹಸಿರು ನಿಧಾನವಾಗಿ ಇಳಿಯತೊಡಗಿತು. ಈ ರಾಸಾಯನಿಕ ಕೋಶದ ಇತರ ರಚನೆಗಳನ್ನೂ ಕದಡುವುದರಿಂದ ಸಡಿಲ ಬಂಧಗಳೇ ದಾರಿ ಕಾಯುತ್ತವೆ ಎಂಬುದಕ್ಕೆ ಇದೊಂದನ್ನೇ ಪುರಾವೆಯೆನ್ನಲಾಗದು. ಆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಜೆಲ್ಲಿನಂತಾಗುತ್ತವೆಯೋ, ಬಿಡಿಬಿಡಿಯಾಗಿ ತೂಗಾಡುತ್ತಿರುತ್ತವೆಯೋ ಎಂಬ ಚರ್ಚೆಯೂ ಮುಗಿದಿಲ್ಲ. ಹಾಗಿದ್ದರೂ ಪಠ್ಯಪುಸ್ತಕಗಳು ಈ ರಂಧ್ರವನ್ನು ಬರಿದಾದ ತೂತಿನಂತೆ ಬರೆಯುವುದನ್ನು ಬಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರೋಟೀನುಗಳ ನಂಟನ್ನು ಪತ್ತೆ ಮಾಡಲು ನಾವು ಒಂದು ಪ್ರೋಟೀನನ್ನು ಪುಟ್ಟ ಮಣಿಗಳಿಗೆ ಅಂಟಿಸಿ, ಇನ್ನೊಂದನ್ನು ಅದರೊಡನೆ ಬೆರೆಸಿ, ಬಫರ್ ಎಂಬ ಲವಣದ್ರಾವಣದಲ್ಲಿ ಮತ್ತೆಮತ್ತೆ ತೊಳೆದು, ಉಳಿದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಕೋಶದ ಇಡೀ ಸಾಗಣೆಯನ್ನು ಹೊತ್ತ ಇಂಥ ಸ್ಪರ್ಶಗಳು ಆ ತೊಳೆತದಲ್ಲೇ ಹೋಗಿಬಿಡಬಹುದು. ಆದ್ದರಿಂದ ಯಾವುದೋ ಜೋಡಿ ಅಂಟಲಿಲ್ಲವೆಂದು ವಿದ್ಯಾರ್ಥಿಗಳು ಅದನ್ನು ಕೈಬಿಡಲು ಹೊರಟಾಗ, ತೊಳೆಯುವ ಹಂತವೇ ಇಲ್ಲದ, ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಅಳೆಯುವ ಎನ್‌ಎಂಆರ್‌ನಂಥ ವಿಧಾನದಲ್ಲಿ ಒಮ್ಮೆ ಅಳೆದು ನೋಡಿ ಎನ್ನುತ್ತೇನೆ.