ಜಿಯಾ ಟ್ಯಾನ್ ಯಾರು?

ಎಕ್ಸ್‌ಝಡ್ ಪ್ರಕರಣ ಇವತ್ತು ಮತ್ತೆ ನೆನಪಾಯಿತು. ಎಕ್ಸ್‌ಝಡ್ ಅಂದರೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲ್ ಕುಗ್ಗಿಸುವ ಪುಟ್ಟ ಸಾಫ್ಟ್‌ವೇರ್. ಲಾಸ್ಸೆ ಕಾಲಿನ್ ವರ್ಷಗಟ್ಟಲೆ ಬಿಡಿಗಾಸೂ ಇಲ್ಲದೆ ಅದನ್ನು ನೋಡಿಕೊಂಡು ಬಂದಿದ್ದರು. 2021ರಲ್ಲಿ ಜಿಯಾ ಟ್ಯಾನ್ ಅನ್ನುವ ಹೆಸರಿನಲ್ಲಿ ಯಾರೋ ಸಹಾಯಕ್ಕೆ ನಿಂತರು. ಎರಡು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ನಂಬಿಕೆ ಗಳಿಸಿ, 2024ರ ಫೆಬ್ರವರಿಯಲ್ಲಿ 5.6.0 ಆವೃತ್ತಿಯೊಳಗೆ ಕಳ್ಳಬಾಗಿಲು, ಅಂದರೆ ಗುಟ್ಟಾಗಿ ಕಂಪ್ಯೂಟರ್ ಒಳಗೆ ನುಗ್ಗುವ ದಾರಿ, ಸೇರಿಸಿಬಿಟ್ಟರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸೇರುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದರಿಂದ ಬಚಾವಾದೆವು.

ನನಗೆ ಜಾಸ್ತಿ ನೋವಾಗುವುದು ಎಕ್ಸ್‌ಝಡ್ ಕೆಲಸದ ಬಗ್ಗೆ ನಡೆದ 2022ರ ಇಮೇಲ್ ಮಾತುಕತೆ ಓದಿದಾಗ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಅಂತ ಕಾಲಿನ್ ಹೇಳಿಕೊಂಡಿದ್ದರು. ಆದರೂ ಗುರುತಿಲ್ಲದ ಹೆಸರುಗಳು ಬೇಗ ಮಾಡಿ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಜೀವ ಹಿಂಡಿದವು.

ಹಾಗಂತ ಇಂಥ ಸಾಫ್ಟ್‌ವೇರ್‌ಗೆ ಕೋಡ್ ಬರೆಯುವ ಎಲ್ಲರ ಗುರುತಿನ ಚೀಟಿ ಕೇಳಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಿರುಕುಳಕ್ಕೆ, ಸರ್ಕಾರಕ್ಕೆ ಹೆದರಿ ಹೆಸರು ಮರೆಸಿಕೊಂಡು ದುಡಿಯುವವರು ಎಷ್ಟೋ ಜನ ಇದ್ದಾರೆ, ಅಲ್ವಾ? ಇಷ್ಟು ತಾಳ್ಮೆ ಇದ್ದವರಿಗೆ ಸುಳ್ಳು ಚೀಟಿ ಮಾಡಿಸುವುದೇನು ಕಷ್ಟ? ಕಳ್ಳಬಾಗಿಲಿನ ಮುಖ್ಯ ಕೊಂಡಿ ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಬಳಸುವವರಿಗೆ ಹಂಚುವ ಕೋಡ್ ಕಟ್ಟು), ಎಲ್ಲರಿಗೂ ಕಾಣುವ ಮೂಲ ಕೋಡ್ ಇರುವ ಗಿಟ್‌ನಲ್ಲಿ ಅಲ್ಲ. ಎರಡನ್ನೂ ಹೋಲಿಸಿ ನೋಡಲು ಕಾಲಿನ್ ಜೊತೆ ಸಂಬಳ ಪಡೆಯುವ ಇನ್ನೊಬ್ಬರು ಇರಬೇಕಿತ್ತು.