ಕಾತ್ರಜ್ ಸುರಂಗದಿಂದ ಖಂಬಾಟ್ಕಿ ಘಾಟಿನವರೆಗೆ

ಇಡೀ ಮಹಾರಾಷ್ಟ್ರ ಗಣಪತಿ ನೋಡಲು ಪುಣೆಗೆ ಬರುವ ಹೊತ್ತಿಗೆ ನಾವು ಪುಣೆಯ ಕನ್ನಡದವರು ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತೇವೆ. ಕೋಥ್ರೂಡ್‌ನಲ್ಲಿ ನಮ್ಮ ಪಕ್ಕದ ಮನೆಯ ಆಜಿಗೆ ಹದಿನೆಂಟು ವರ್ಷದಿಂದ ಇದು ಅರ್ಥವಾಗಿಲ್ಲ. ‘ಇಲ್ಲಿ ಇಲ್ಲದ ಗಣಪತಿ ನಿಮ್ಮ ಧಾರವಾಡದಲ್ಲಿ ಎಲ್ಲಿಂದ ಬಂದ?’ ಅಂತ ಪ್ರತಿ ವರ್ಷ ಕೇಳುತ್ತಾರೆ. ಅಲ್ಲಿ ಅವ್ವ ಇದ್ದಾಳೆ ಅಂತ ನಾನೂ ಪ್ರತಿ ವರ್ಷ ಹೇಳುತ್ತೇನೆ.

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು. ಮರುದಿನವೇ ಮಂಗಳೂರು ಕಡೆ ಕ್ರೈಸ್ತರ ಮೊಂತಿ ಹಬ್ಬ. ಹಾಗಾಗಿ 6ನೇ ತಾರೀಕು ಬೆಳಿಗ್ಗೆ ಹೊರಟ ನಮ್ಮ ಕಾರಿನಲ್ಲಿ ಐದು ಜನ. ಓಡಿಸುವವರು ಭಾವ, ಮೈಸೂರಿನವರು. ಪಕ್ಕದಲ್ಲಿ ಅಕ್ಕ. ಗೌರಿ ಹಬ್ಬದ ದಿನವೇ ಹೊರಡಿಸಿದ್ದಕ್ಕೆ ಮುಖ ಊದಿಸಿಕೊಂಡು, ವಾರ್ಜೆ ದಾಟುವ ಮೊದಲೇ ನಿದ್ದೆ ಹೋದಳು. ಹಿಂದಿನ ಸೀಟಿನಲ್ಲಿ ನಾನು, ನನ್ನ ಹಿಂಜವಡಿ ಆಫೀಸಿನ ರಾಯಚೂರಿನ ಹುಡುಗಿ, ಮತ್ತೆ ಮಂಗಳೂರಿನ ಟೀಚರ್. ಟೀಚರ್ ಇಲ್ಲಿ ಕ್ಯಾಂಪ್ ಕಡೆಯ ಒಂದು ಚರ್ಚಿನಲ್ಲಿ ಕಾಯರ್ ಹಾಡುತ್ತಾರೆ. ಅವರಿಬ್ಬರೂ ಹುಬ್ಬಳ್ಳಿಯಲ್ಲಿ ಇಳಿದು ಬೇರೆ ಬೇರೆ ಬಸ್ ಹಿಡಿಯುವವರು.

ಧಾರವಾಡಕ್ಕೆ 400 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಹಾಡು ಯಾರದ್ದು ಅನ್ನೋ ಜಗಳ ಇದ್ದದ್ದೇ. ಅವತ್ತು ನಾನು ಮೊದಲೇ ತಯಾರಾಗಿ ಬಂದಿದ್ದೆ. ಸೆಪ್ಟೆಂಬರ್ 6 ಡೊಲೊರೆಸ್ ಒರಿಯರ್ಡನ್ ಹುಟ್ಟುಹಬ್ಬ. ಇವತ್ತು ಆಕೆಯ ಕೊನೆಯ ಆಲ್ಬಮ್, ಪೂರ್ತಿ, ನಡುವೆ ಯಾರೂ ಬಾಯಿ ಹಾಕಬಾರದು ಅಂದೆ. ಕೊನೆಯ ಷರತ್ತು ಐದು ನಿಮಿಷವೂ ಉಳಿಯಲಿಲ್ಲ.

‘ಡೊಲೊರೆಸಾ? ನಮ್ಮ ಬೀದಿಯಲ್ಲೇ ಇಬ್ಬರು ಡೊಲೊರೆಸ್ ಇದ್ರು ಮಾರಾಯ್ತಿ,’ ಅಂದರು ಟೀಚರ್. ವ್ಯಾಕುಲ ಮಾತೆ, ಅಂದರೆ ಮೇರಿಯಮ್ಮನ ಹೆಸರು ಅದು. ನೋವುಗಳು ಅಂತಲೇ ಅರ್ಥ.

ಹೆಸರು ಗೊತ್ತಿಲ್ಲದವರಿಗೂ ಧ್ವನಿ ಗೊತ್ತಿರುತ್ತದೆ. ‘ಜೋಂಬಿ’ ಹಾಡಿದ ಹುಡುಗಿ. ಗೋವಾದ ಬೀಚಿನ ಗುಡಿಸಲು ಹೋಟೆಲುಗಳಲ್ಲಿ, ಪುಣೆಯ ಕಾಲೇಜು ಫೆಸ್ಟ್‌ಗಳಲ್ಲಿ ಗಿಟಾರ್ ಹಿಡಿದವರೆಲ್ಲ ಒಮ್ಮೆಯಾದರೂ ಕೂಗಿರುವ ಹಾಡು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಬಾಂಬ್ ಸಿಡಿದು ಇಬ್ಬರು ಮಕ್ಕಳು ಸತ್ತಾಗ ಬರೆದದ್ದು. ನಮ್ಮ ಹುಡುಗರು ಅದನ್ನು ಕುಡಿದು ಕುಣಿಯೋಕೆ ಹಾಡುತ್ತಾರೆ. ಇರಲಿ ಬಿಡಿ.

ಐರ್ಲೆಂಡಿನ ಲಿಮರಿಕ್ ಊರಿನ ನಾಲ್ಕು ಜನರ ಬ್ಯಾಂಡ್ ದಿ ಕ್ರ್ಯಾನ್‌ಬೆರೀಸ್. ನೋಯೆಲ್ ಹೋಗನ್ ಗಿಟಾರ್, ಅವನ ತಮ್ಮ ಮೈಕ್ ಬೇಸ್, ಫರ್ಗಲ್ ಲಾಲರ್ ಡ್ರಮ್ಸ್. ಹಾಡುವವಳು, ಬರೆಯುವವಳು ಡೊಲೊರೆಸ್. ಚಿಕ್ಕವಳಿದ್ದಾಗ ಹಳ್ಳಿಯ ಚರ್ಚಿನಲ್ಲಿ ಹಾಡುತ್ತಿದ್ದವಳು, ಆರ್ಗನ್ ನುಡಿಸುತ್ತಿದ್ದವಳು. 1996ರಲ್ಲಿ ಧಾರವಾಡದ ನಮ್ಮ ಹಾಸ್ಟೆಲ್ ರೂಮಿಗೆ ಅವರ ಎರಡನೇ ಆಲ್ಬಮ್ಮಿನ ಕ್ಯಾಸೆಟ್ ಬಂತು. ರೂಮ್‌ಮೇಟ್ ಅಣ್ಣ ಪುಣೆಯಿಂದ ತಂದದ್ದು. ಕವರಿನ ಮೇಲೆ ಸೋಫಾದಲ್ಲಿ ಕೂತ ನಾಲ್ಕು ಜನ. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ, ಒಂದು ಹಾಡಿನ ನಡುವೆ ಧ್ವನಿ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಈಗ ಸ್ವಚ್ಛವಾಗಿ ಕೇಳಿದರೂ ಆ ಜಾಗ ಬಂದಾಗ ಕಿವಿ ತಾನೇ ನೀರಿಗೆ ಕಾಯುತ್ತದೆ.

ಕಾತ್ರಜ್ ಸುರಂಗದ ಒಳಗೆ ಮೊದಲ ಹಾಡು ಶುರುವಾಯಿತು. ಆಗಲೇ ಹಿನ್ನೆಲೆ ಹೇಳಿಬಿಟ್ಟೆ. ಹೇಳಬಾರದಿತ್ತೇನೋ ಅಂತ ಆಮೇಲೆ ಅನಿಸಿತು.

2017ರಲ್ಲಿ ಇವರದ್ದು ಯುರೋಪ್ ಪ್ರವಾಸ ನಡೆಯುತ್ತಿತ್ತು. ಡೊಲೊರೆಸ್‌ಗೆ ಬೆನ್ನುನೋವು, ನಡುವೆಯೇ ನಿಂತಿತು. ಅದೇ ವರ್ಷ ಆಕೆ, ನೋಯೆಲ್ ಇಬ್ಬರೂ ಹೊಸ ಹಾಡು ಕಟ್ಟಲು ಶುರು ಮಾಡಿದ್ದರು. ಅವನು ಸಂಗೀತದ ಫೈಲ್ ಇಮೇಲ್ ಮಾಡುವುದು, ಆಕೆ ಅದರ ಮೇಲೆ ಹಾಡಿ ವಾಪಸ್ ಕಳಿಸುವುದು. ಡೆಮೊ ಅಂತಾರಲ್ಲ, ಅದು. 2018ರ ಜನವರಿ 15ಕ್ಕೆ ಲಂಡನ್ನಿನ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಮುಳುಗಿ ತೀರಿಕೊಂಡಳು. ಕುಡಿದಿದ್ದಳು, ಆಕಸ್ಮಿಕ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ವಯಸ್ಸು 46. ನೋಯೆಲ್ ಹಳೆಯ ಫೈಲ್‌ಗಳನ್ನೆಲ್ಲ ತೆಗೆದು ನೋಡಿದರೆ ಒಂದು ಆಲ್ಬಮ್ಮಿಗೆ ಆಗುವಷ್ಟು ಧ್ವನಿ ಇತ್ತು. ಆಕೆಯ ಮನೆಯವರನ್ನು ಕೇಳಿದರು. ಅವರು ಹೂಂ ಅಂದರು. ಮೊದಲ ಎರಡು ಆಲ್ಬಮ್ ಮಾಡಿಕೊಟ್ಟ ಸ್ಟೀಫನ್ ಸ್ಟ್ರೀಟ್ ಅವರನ್ನೇ ಕರೆದು, ಆ ಡೆಮೊ ಧ್ವನಿಯ ಸುತ್ತ ಮೂವರೂ ಹೊಸದಾಗಿ ನುಡಿಸಿದರು. 2019ರ ಏಪ್ರಿಲ್ 26ಕ್ಕೆ ‘ಇನ್ ದಿ ಎಂಡ್’ ಹೊರಬಂತು. ಹನ್ನೊಂದು ಹಾಡು. ಇದಾದ ಮೇಲೆ ಈ ಹೆಸರಿನಲ್ಲಿ ಇನ್ನೊಂದು ಆಲ್ಬಮ್ ಇಲ್ಲ ಅಂತ ಮೂವರೂ ಹೇಳಿಬಿಟ್ಟರು.

‘ಅಂದ್ರೆ ನಾವು ಕೇಳ್ತಿರೋದು ಹೋದವರ ಧ್ವನಿ, ಬದುಕಿರೋರ ವಾದ್ಯ,’ ಅಂದರು ಭಾವ. ‘ಬೇಕಿತ್ತಾ ಇದು?’

ನಿಜವಾಗಿ ಈ ಆಲ್ಬಮ್ ಬಗ್ಗೆ ಕೇಳಿದವರೆಲ್ಲ ಮೊದಲು ಜಗಳ ಆಡುವುದು ಇಲ್ಲೇ. ಹಾಡು ಹೇಗಿದೆ ಅನ್ನುವ ಮಾತು ಆಮೇಲೆ. ಪುಣೆಯಲ್ಲಿ ನನ್ನ ಗೆಳತಿಯೊಬ್ಬಳು ಇನ್ನೂ ಇದನ್ನು ಕೇಳಿಲ್ಲ, ಕೇಳುವುದೂ ಇಲ್ಲ ಅಂತಾಳೆ. ಇನ್ನೊಬ್ಬಳು ಮೊದಲ ವಾರವಿಡೀ ಇದನ್ನೇ ಹಾಕಿಕೊಂಡು ಅಳುತ್ತಿದ್ದಳು. ಇಬ್ಬರಿಗೂ ಆಲ್ಬಮ್ ಹೇಗಿದೆ ಅಂತ ಗೊತ್ತಿಲ್ಲ ಅಂತಲೇ ನನ್ನ ಲೆಕ್ಕ.

ಖೇಡ್ ಶಿವಾಪುರ ಟೋಲಿನಲ್ಲಿ ಹಬ್ಬದ ಸಾಲು. ಕಾರು ಇರುವೆಯಂತೆ ಹೋಗುತ್ತಿತ್ತು. ಎರಡನೆಯ ಹಾಡು ‘ಲಾಸ್ಟ್’ ಅಲ್ಲಿ ಬಂತು. ನಿಧಾನಕ್ಕೆ ಶುರುವಾಗಿ, ಹಿಂದೆ ತಂತಿವಾದ್ಯಗಳು ಏರುತ್ತಾ ಹೋಗುತ್ತವೆ. ಆಕೆಯ ಧ್ವನಿಗೆ ಒಂದು ಗುಣ ಇದೆ. ಮೇಲೆ ಹೋಗುವಾಗ ಗಂಟಲಿನಲ್ಲಿ ಸಣ್ಣದಾಗಿ ಒಡೆದು, ಆ ಒಡೆದ ಜಾಗದಿಂದಲೇ ಮೇಲಿನ ಸ್ವರ ಹುಟ್ಟುತ್ತದೆ. ಬೇರೆ ಯಾರಾದರೂ ಹಾಗೆ ಮಾಡಿದರೆ ಅಣಕ ಆಗುತ್ತದೆ. ಈ ಹಾಡಿನಲ್ಲಿ ಅದು ಮೊದಲಿನಷ್ಟು ಚೂಪಾಗಿಲ್ಲ. ಸ್ವಲ್ಪ ಕೆಳಗೆ, ಸ್ವಲ್ಪ ದಣಿದು ಕೇಳುತ್ತದೆ. ನನಗೆ ಇಡೀ ಆಲ್ಬಮ್ಮಿನಲ್ಲಿ ಇದಕ್ಕಿಂತ ಒಳ್ಳೆಯ ಹಾಡಿಲ್ಲ.

ಟೀಚರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ, ‘ಹಿಂದೆ ಜೊತೆಗೆ ಹಾಡುವುದು ಬೇರೆ ಹೆಂಗಸು. ಅಲ್ಲವಾ?’ ಅಂದರು.

ನಾನು ದಂಗಾದೆ. ಹೌದು. ಹಳೆಯ ಆಲ್ಬಮ್‌ಗಳಲ್ಲಿ ಡೊಲೊರೆಸ್ ಹೆಚ್ಚಾಗಿ ತನ್ನ ಧ್ವನಿಯ ಮೇಲೆ ತಾನೇ ಇನ್ನೊಂದು, ಮತ್ತೊಂದು ಧ್ವನಿ ಪೇರಿಸುತ್ತಿದ್ದಳು. ಡೆಮೊಗಳಲ್ಲಿ ಆ ಕೆಲಸ ಪೂರ್ತಿ ಆಗಿರಲಿಲ್ಲ. ಹಾಗಾಗಿ ಪ್ರವಾಸದಲ್ಲಿ ಜೊತೆಗೆ ಹಾಡುತ್ತಿದ್ದ ಜೊಹಾನಾ ಕ್ರಾನಿಚ್ ಅವರಿಂದ ಹಾಡಿಸಿದರು.

‘ಕಾಯರಿನಲ್ಲಿ ಒಬ್ಬರು ಬರದಿದ್ರೆ ನಾವು ಹಾಗೇ ಮಾಡುವುದು. ಅವರ ಜಾಗಕ್ಕೆ ನಿಲ್ಲುವುದಲ್ಲ, ಒಂದು ಹೆಜ್ಜೆ ಹಿಂದೆ ನಿಂತು ಹಾಡುವುದು. ಇವರು ಚಂದ ಮಾಡಿದ್ದಾರೆ,’ ಅಂದರು. ನಾನು ಈ ಆಲ್ಬಮ್ ಬಗ್ಗೆ ಓದಿದ, ಕೇಳಿದ ಅಭಿಪ್ರಾಯಗಳಲ್ಲಿ ಇದೇ ನನಗೆ ಹೆಚ್ಚು ಇಷ್ಟವಾದದ್ದು.

ರಾಯಚೂರಿನ ಹುಡುಗಿಗೆ 26. ಕ್ಯಾಸೆಟ್ ಸುತ್ತಿದವಳಲ್ಲ, ಯಾವ ನೆನಪಿನ ಹಂಗೂ ಇಲ್ಲ. ಮೂರನೆಯ ಹಾಡು ಗಿಟಾರ್ ಜೋರಾಗಿ ಗುಡುಗಿದಾಗ, ‘ಇದು ಬೆಂಕಿ ಐತಿ ಅಕ್ಕಾ. ಮೊದಲಿನೆರಡರಾಗ ನೀವು ಅಳ್ತೀರೇನೋ ಅಂತ ಸುಮ್ಮನಿದ್ದೆ,’ ಅಂದಳು. ಆರು, ಏಳು, ಎಂಟು ಬರುವಾಗ ಫೋನ್ ತೆಗೆದು ರೀಲ್ಸ್ ನೋಡಲು ಶುರು ಮಾಡಿದಳು. ಒಳಗೊಳಗೆ ನನಗೆ ಸಿಟ್ಟು ಬಂತು. ಆದರೆ ಅವಳು ಫೋನ್ ತೆಗೆದ ಜಾಗ ಸರಿಯಾಗೇ ಇತ್ತು. ಅಲ್ಲಿ ಆಲ್ಬಮ್ ಸಡಿಲವಾಗುತ್ತದೆ. ರಾಗ ಚೆನ್ನಾಗಿದೆ, ಪದ ಸುತ್ತಿದಲ್ಲೇ ಸುತ್ತುತ್ತದೆ. ಆಕೆ ಇದ್ದಿದ್ದರೆ ಇನ್ನೊಂದು ಸಾಲು ಬರೆಯುತ್ತಿದ್ದಳು, ಒಂದೆರಡನ್ನು ಎಸೆದೇ ಬಿಡುತ್ತಿದ್ದಳೇನೋ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರು. ಸತ್ತವರ ಹಾಡಿನಲ್ಲಿ ತಪ್ಪು ಹುಡುಕುತ್ತೀಯಾ ಅಂತಾರೆ. ಬದುಕಿದ್ದಾಗ ಆಕೆಯ ಎಷ್ಟೋ ಹಾಡಿಗೆ ಬೈದಿದ್ದೇವೆ. ಹಾಡುಗಾರ್ತಿ ಅಂತ ಗಣ್ಯ ಮಾಡಿದ್ದಕ್ಕೇ ಬೈದದ್ದು. ಈಗ ಮಾತ್ರ ಹೂವು ಹಾಕಿ ಕೈ ಮುಗಿದು ಸುಮ್ಮನಾದರೆ ಅದು ಯಾವ ಸೀಮೆಯ ಮರ್ಯಾದೆ?

ಭಾವ ಒಪ್ಪಲಿಲ್ಲ. ‘ಹಾಗಲ್ಲ ಕಣಮ್ಮ. ಅಪ್ಪು ಸಿನಿಮಾ ನೆನಪಿದ್ಯಾ?’

ಅವರು ಹೇಳುತ್ತಿದ್ದದ್ದು ‘ಜೇಮ್ಸ್’ ಬಗ್ಗೆ. ಪುನೀತ್ ಹೋದದ್ದು 2021ರ ಅಕ್ಟೋಬರ್ 29ಕ್ಕೆ. ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬಕ್ಕೆ, ಅಣ್ಣ ಶಿವರಾಜ್‌ಕುಮಾರ್ ಧ್ವನಿಯಲ್ಲಿ ಬಿಡುಗಡೆ ಆಯಿತು. ಆಮೇಲೆ ತಂತ್ರಜ್ಞಾನದಿಂದ ಅಪ್ಪು ಧ್ವನಿಯನ್ನೇ ಹೊಂದಿಸಿ ಮತ್ತೆ ತೋರಿಸಿದರು. ಭಾವ ಪುಣೆಯಲ್ಲೇ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ನೋಡಿದ್ದು. ಅಪ್ಪು ಪರದೆ ಮೇಲೆ ಬಂದಾಗ ಪಕ್ಕದ ಸೀಟಿನ ಸೆಕ್ಯೂರಿಟಿ ಯೂನಿಫಾರ್ಮಿನ ಹುಡುಗ, ಕಲಬುರಗಿ ಕಡೆಯವನಂತೆ, ಎದ್ದು ನಿಂತುಬಿಟ್ಟನಂತೆ. ಹಿಂದಿನವರು ಕೂತ್ಕೋ ಅನ್ನಲಿಲ್ಲ. ‘ಕಥೆ ಹೇಗಿತ್ತು ಅಂತ ಇವತ್ತು ಕೇಳಿದ್ರೂ ನನಗೆ ಹೇಳೋಕೆ ಬರಲ್ಲ. ಅಲ್ಲಿ ಸಿನಿಮಾ ನೋಡೋಕೆ ಯಾರೂ ಬಂದಿರ್ಲಿಲ್ಲ,’ ಅಂದರು. ಸ್ಟೀರಿಂಗ್ ಮೇಲೆ ಬೆರಳು ತಟ್ಟುತ್ತಿದ್ದದ್ದು ನಿಂತಿತು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಅದನ್ನು ನೋಡಿ ಅತ್ತವಳೇ.

ಶಿರವಳ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಪಕ್ಕದ ಮನೆಯ ಆಜಿ ಒಮ್ಮೆ ಹೇಳಿದ್ದು ನೆನಪಾಯಿತು. ನಾನು ಧಾರವಾಡದವಳು ಅಂದ ಕೂಡಲೇ ಪುಣೆಯ ಹಳಬರು ಭೀಮಸೇನ ಜೋಶಿ ಸುದ್ದಿ ಎತ್ತುತ್ತಾರೆ. ನಮ್ಮ ಗದಗಿನವರು, ಪುಣೆಯಲ್ಲೇ ಉಳಿದು, 2011ರಲ್ಲಿ ಇಲ್ಲೇ ತೀರಿಕೊಂಡವರು. ಸವಾಯಿ ಗಂಧರ್ವ ಉತ್ಸವದಲ್ಲಿ ಅವರನ್ನು ಕೊನೆಕೊನೆಗೆ ಕೇಳಿದ್ದಾರೆ ಆಜಿ. ಧ್ವನಿ ಮೊದಲಿನಂತೆ ಇರಲಿಲ್ಲವಂತೆ. ‘ಆದರೆ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು,’ ಅಂದಿದ್ದರು.

ಡೊಲೊರೆಸ್ ವಿಷಯ ಹಾಗಲ್ಲ. ಆಕೆಗೆ ಗೊತ್ತಿರಲಿಲ್ಲ. ತೀರಿಕೊಂಡ ದಿನವೂ ಆಕೆ ಲಂಡನ್ನಿನಲ್ಲಿದ್ದದ್ದು ಹಾಡಲೆಂದೇ. ಇನ್ನೊಂದು ಬ್ಯಾಂಡ್ ಜೊತೆ ‘ಜೋಂಬಿ’ಯನ್ನೇ ಹೊಸದಾಗಿ ರೆಕಾರ್ಡ್ ಮಾಡುವುದಿತ್ತು.

ಅಷ್ಟರಲ್ಲಿ ರಾಯಚೂರಿನ ಹುಡುಗಿ ರೀಲ್ಸ್ ಬಿಟ್ಟು ತಲೆ ಎತ್ತಿದಳು. ‘ಅಕ್ಕಾ, ನೀವು ಮೊದಲೇ ಹೇಳಿರಲಿಲ್ಲ ಅಂದ್ರ ನಾ ಇದನ್ನ ಬ್ರೇಕಪ್ ಆಲ್ಬಮ್ ಅಂತಿದ್ದೆ. ಇದರಾಗ ಸಾವು ಎಲ್ಲೈತಿ?’

ನಾನು ನಾಲ್ಕೈದು ವರ್ಷದಿಂದ ಇದನ್ನು ಕೇಳುತ್ತಿದ್ದೇನೆ. ಪ್ರತಿ ಸಲ ಸಾವೇ ಕೇಳಿಸಿದೆ. ಎಲ್ಲ ಮುಗಿಯಿತು, ಕಳೆದುಹೋದೆ, ಮುಗಿದಾಗ ಎಬ್ಬಿಸು, ಕೊನೆಗೆ. ಹಾಡಿನ ಹೆಸರುಗಳೇ ಹಾಗಿವೆ. ಬರೆದವಳು ಹೋಗಿದ್ದಾಳೆ. ಇನ್ನೇನು ಬೇಕು? ಆದರೆ ಆಕೆಯ 20 ವರ್ಷದ ಸಂಸಾರ 2014ರಲ್ಲಿ ಮುರಿದಿತ್ತು. ಮುಗಿದದ್ದು ಅದು. ಮೊದಲ ಹಾಡು ಹೊಡೆತ ತಿಂದು, ಬಿದ್ದೆ ಅಂತ ಸುಳ್ಳು ಹೇಳುವ ಒಬ್ಬ ಹೆಂಗಸಿನದ್ದು. ಅದರಲ್ಲಿ ವಿದಾಯ ಎಲ್ಲಿದೆ? ವಿದಾಯವನ್ನು ಆಕೆ ಹಾಡಲಿಲ್ಲ, ಆಕೆಯ ಬಾಯಲ್ಲಿ ಹಾಡಿಸಿದ್ದು ನಾವು. ಒಂದು ಕೆಟ್ಟ ಕಾಲ ದಾಟಿ, ಮುಂದಿನದಕ್ಕೆ ಕೈ ಹಾಕಿದ್ದವಳ ಆಲ್ಬಮ್ ಇದು ಅಂತ ಇಟ್ಟುಕೊಂಡು ಕೇಳಿದರೆ, ಒಂಬತ್ತನೆಯ ಬೇಸಿಗೆ ಹಾಡಿನ ಹಗುರವೂ ಸರಿಹೋಗುತ್ತದೆ. ಇಷ್ಟು ದಿನ ಅದು ನನಗೆ ಅಪಸ್ವರದಂತೆ ಕೇಳುತ್ತಿತ್ತು. ಸೂತಕದ ಮನೆಯಲ್ಲಿ ಯಾರೋ ಶಿಳ್ಳೆ ಹೊಡೆದಂತೆ.

‘ಹಾಗಾದ್ರೆ ಅವಾರ್ಡ್ ಗಿವಾರ್ಡ್ ಬಂತಾ?’ ಅಂದರು ಭಾವ, ಮಾತು ಬದಲಿಸಲು. ಬೆಸ್ಟ್ ರಾಕ್ ಆಲ್ಬಮ್ ಅಂತ ಗ್ರ್ಯಾಮಿಗೆ ಹೆಸರು ಹೋಗಿತ್ತು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ. 2020ರಲ್ಲಿ ಪ್ರಶಸ್ತಿ ಕೇಜ್ ದಿ ಎಲಿಫೆಂಟ್ ಬ್ಯಾಂಡಿಗೆ ಹೋಯಿತು. ‘ಸತ್ತ ಮೇಲೆ ಸನ್ಮಾನ. ಅಲ್ಲೂ ನಮ್ಮ ಹಾಗೇನಾ!’ ಅಂತ ಟೀಚರ್ ನಕ್ಕರು.

ಖಂಬಾಟ್ಕಿ ಘಾಟ್ ಏರುವಾಗ ಮಳೆ ಹನಿಯುತ್ತಿತ್ತು. ಮುಂದೆ ಕಬ್ಬಿಣ ತುಂಬಿದ ಟ್ರಕ್ಕು, ಹಿಂದೆ ಕೊಲ್ಹಾಪುರದ ಬಸ್ಸು. ಕೊನೆಯ ಹಾಡು ಶುರುವಾಗಿತ್ತು, ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, ಮೆಲ್ಲಗೆ. ಯಾರೂ ಉಸಿರೆತ್ತಲಿಲ್ಲ. ಸರಿಯಾಗಿ ಆಗಲೇ ಅವ್ವನ ಫೋನು.

‘ಎಲ್ಲಿದ್ದೀರಿ?’

‘ಘಾಟ್ ಏರ್ಲಿಕತ್ತೇವಿ ಅವ್ವಾ. ಸಾತಾರಾ ಇನ್ನೂ ಮುಂದ ಅದ.’

‘ಅದ್ಯಾರು ಹಾಡ್ಲಿಕತ್ತದ್ದು?’

‘ಯಾರೋ ಒಬ್ಬಾಕಿ. ಐರ್ಲೆಂಡಿನಾಕಿ.’

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೇಳುತ್ತಿದ್ದಳೇನೋ, ಇಲ್ಲ ಒಲೆಯ ಕಡೆ ನೋಡುತ್ತಿದ್ದಳೇನೋ.

‘ಛಲೋ ಹಾಡ್ತಾಳ,’ ಅಂದಳು. ‘ಬಾಕರವಡಿ ತಗೊಂಡೀರಿಲ್ಲೋ?’