ಮಾಳಿಗೆ ಮೇಲೆ ಬಜ್ಜಿ ಮೆಣಸಿನಕಾಯಿ: ತಾನೇ ನೀರು ಹೀರೋ ಬಕೆಟ್, ಸಾವಯವ ಮಣ್ಣು

ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಮಾಳಿಗೆ ಮೇಲೆ ಕುಂಡದ ಗಿಡ ಉಳಿಸಬೇಕಂದ್ರೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬೇಕೇ ಬೇಕು. ನಲ್ಲಿ ನೀರು ದಿನಾ ಬರಲ್ಲ. ಮದುವೆಗೋ ಜಾತ್ರೆಗೋ ಎರಡು ದಿನ ಊರು ಬಿಟ್ಟರೆ ಬಂದು ನೋಡೋದು ಒಣಗಿದ ಕಡ್ಡೀನೇ. ಹಾಗಾಗಿ ಸೆಲ್ಫ್ ವಾಟರಿಂಗ್ ಕುಂಡದ, ಅಂದ್ರೆ ತಳದಲ್ಲಿ ನಿಂತ ನೀರನ್ನ ತಾನೇ ಮೇಲಕ್ಕೆ ಎಳೆದುಕೊಳ್ಳೋ ಕುಂಡದ ಕಡೆ ಜನರ ಕಣ್ಣು ಬಿದ್ದಿದೆ. ಒಳ್ಳೆಯ ಉಪಾಯವೇ. ಆದ್ರೆ ಡಬ್ಬಿ ಮೇಲೆ ಬರೆದಿರೋ ‘ವಾರಕ್ಕೊಮ್ಮೆ ನೀರು ಸಾಕು’ ಅನ್ನೋದನ್ನ ನಮ್ಮ ಬಿಸಿಲಿನಲ್ಲಿ ನಂಬಬೇಡಿ. ಕಾಯಿ ಬಿಟ್ಟ ಟೊಮೆಟೊ ಗಿಡ ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್‌ಗೂ ಮೇಲೆ ಕುಡಿಯುತ್ತೆ. ಮೆಣಸಿನಗಿಡಕ್ಕೆ 1 ಲೀಟರ್ ಆದ್ರೂ ಬೇಕು. ಕೆಳಗೆ 3 ಲೀಟರ್ ನೀರು ನಿಲ್ಲೋ ಬಕೆಟ್ ಆದ್ರೆ ಟೊಮೆಟೊಗೆ ಒಂದೂವರೆ ದಿನ, ಮೆಣಸಿನಕಾಯಿಗೆ ಎರಡು-ಮೂರು ದಿನ, ಅಷ್ಟೇ. ಚಳಿಗಾಲದಲ್ಲಿ ಮೆಣಸಿನಕಾಯಿ ಐದಾರು ದಿನ ತಡೆಯುತ್ತೆ. ಅದಕ್ಕೇ ಮೊದಲ ಸಲಕ್ಕೆ ಮೆಣಸಿನಕಾಯಿ ಹಾಕಿ. ಮಂಡಕ್ಕಿ ಜೊತೆ ಬಜ್ಜಿ ತಿನ್ನೋ ಊರಲ್ಲಿ ಅದನ್ನ ಬೇಡ ಅನ್ನೋರು ಯಾರು?

ಕೊಂಡು ತರೋದಕ್ಕಿಂತ ಮಾಡಿಕೊಳ್ಳೋದು ವಾಸಿ. ಬೇಕರಿಗೆ ವನಸ್ಪತಿ ಬರೋ ದೊಡ್ಡ ಬಕೆಟ್ಟು, ಇಲ್ಲಾಂದ್ರೆ 20 ಲೀಟರ್ ಪೇಂಟ್ ಬಕೆಟ್ಟು, ಒಂದೇ ಅಳತೆಯವು ಎರಡು ಬೇಕು. ಪೇಂಟಿನದಾದ್ರೆ ನೀರಲ್ಲಿ ಕರಗೋ ಡಿಸ್ಟೆಂಪರ್ ಬಂದದ್ದೇ ಇರಲಿ, ಆಯಿಲ್ ಪೇಂಟ್ ಬಂದದ್ದು ಬೇಡ. ಒಂದರೊಳಗೆ ಒಂದು ಇಟ್ಟರೆ ತಳಗಳ ಮಧ್ಯೆ ಜಾಗವೇ ಸಾಲಲ್ಲ. 2 ಇಂಚಿನ ಪಿವಿಸಿ ಪೈಪನ್ನ 8 ಸೆಂ.ಮೀ. ಉದ್ದಕ್ಕೆ ನಾಲ್ಕು ತುಂಡು ಮಾಡಿ, ಪಕ್ಕಕ್ಕೆ ತೂತು ಹೊಡೆದು ಕೆಳಗಿನ ಬಕೆಟ್ಟಿನ ತಳದಲ್ಲಿ ನಿಲ್ಲಿಸಿ. ಮೇಲಿನ ಬಕೆಟ್ ಅದರ ಮೇಲೆ ಕೂರುತ್ತೆ.

ಮೇಲಿನ ಬಕೆಟ್ಟಿನ ತಳದ ನಡುವೆ ಅರ್ಧ ಲೀಟರ್ ಮೊಸರಿನ ಕಪ್ಪು ಇಳಿಯುವಷ್ಟು ದುಂಡಗೆ ಕತ್ತರಿಸಿ, ಕಪ್ಪಿನ ಅಂಚು ಮಾತ್ರ ಮೇಲೆ ನಿಲ್ಲಬೇಕು. ಕಪ್ಪಿನ ಸುತ್ತ, ತಳದಲ್ಲಿ ಕಾದ ಮೊಳೆಯಿಂದ ಇಪ್ಪತ್ತು ತೂತು ಹಾಕಿ. ಈ ಕಪ್ಪಿನಲ್ಲಿ ತುಂಬಿದ ಮಣ್ಣೇ ನೀರಿನಲ್ಲಿ ಮುಳುಗಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನ ಮೇಲಕ್ಕೆ ಎಳೆಯೋದು. ಹಳೇ ಪಂಚೆ ಹರಿದು ಬಟ್ಟೆ ಬತ್ತಿ ಇಳಿಬಿಡೋರಿದ್ದಾರೆ. ಹತ್ತಿ ಬಟ್ಟೆ ಒದ್ದೆಯಲ್ಲೇ ಇದ್ದು ಸ್ವಲ್ಪ ದಿನಕ್ಕೆ ಕೊಳೆತುಹೋಗುತ್ತೆ, ಗಿಡ ಯಾಕೆ ಬಾಡ್ತಿದೆ ಅಂತ ಮೇಲಿಂದ ನೋಡಿದ್ರೆ ಗೊತ್ತೂ ಆಗಲ್ಲ. ಕಪ್ಪೇ ಮೇಲು.

ತಳದ ಉಳಿದ ಜಾಗದಲ್ಲಿ 6 ಮಿ.ಮೀ. ತೂತು ಹದಿನೈದು ಹೊಡೀರಿ. ಅವು ಇರೋದು ನೀರಿಗಲ್ಲ, ಬೇರಿಗೆ ಗಾಳಿ ಬರಲಿ ಅಂತ. ಅದೇ ತಳದ ಅಂಚಿನಲ್ಲಿ ಇನ್ನೊಂದು ತೂತು ಮಾಡಿ, ಕೆಳಗೆ ನೀರು ತುಂಬೋಕೆ 1 ಇಂಚಿನ ಪೈಪು ಇಳಿಸಿ, ಅದರ ಕೆಳತುದಿ ಓರೆಯಾಗಿ ಕತ್ತರಿಸಿರಬೇಕು, ಇಲ್ಲಾಂದ್ರೆ ತಳಕ್ಕೆ ಕಚ್ಚಿಕೊಂಡು ನೀರು ಇಳಿಯಲ್ಲ. ಆಮೇಲೆ ಕೆಳಗಿನ ಬಕೆಟ್ಟಿನ ಹೊರಮೈಯಲ್ಲಿ, ತಳದಿಂದ ಆರೂವರೆ ಸೆಂ.ಮೀ. ಎತ್ತರಕ್ಕೆ, ಹೆಚ್ಚಾದ ನೀರು ಹೊರಗೆ ಬೀಳೋ ತೂತು. ಇದನ್ನ ಮರೆತರೆ ಕಥೆ ಮುಗೀತು: ಒಂದು ಜೋರು ಮಳೆಗೆ ನೀರು ಮೇಲಿನ ಬಕೆಟ್ಟಿನ ತಳ ಮುಟ್ಟುತ್ತೆ, ಗಾಳಿ ಸಿಗದೆ ಬೇರು ಕೊಳೆಯುತ್ತೆ. ಬೇರು ಕೊಳೆತ ಗಿಡವೂ ಬಾಡುತ್ತೆ, ನೀರಿಲ್ಲದ ಗಿಡವೂ ಬಾಡುತ್ತೆ. ಬಾಡಿತು ಅಂತ ಇನ್ನಷ್ಟು ನೀರು ಹುಯ್ಯೋ ಮೊದಲು ಪೈಪಿನಲ್ಲಿ ಒಂದು ಕಡ್ಡಿ ಇಳಿಸಿ ನೋಡಿ.

ಸೊಳ್ಳೆಯ ವಿಚಾರ ಹಗುರ ಮಾಡಬೇಡಿ. ಡೆಂಗಿ ಹರಡೋ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು, ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ವಾರ-ಹತ್ತು ದಿನ ಸಾಕು. ಹೊರತೂತಿಗೆ ಸೊಳ್ಳೆಪರದೆಯ ಜಾಲರಿ ಅಂಟಿಸಿ, ಪೈಪಿಗೆ ಮುಚ್ಚಳ ಹಾಕಿ, ಎರಡು ಬಕೆಟ್ಟಿನ ಅಂಚಿನ ಸಂದಿಗೆ ಅಗಲ ಟೇಪು ಸುತ್ತಿ.

ಇನ್ನು ಮಣ್ಣು. ಹತ್ತರಲ್ಲಿ ಎಂಟು ಕುಂಡ ಕೆಡೋದು ಇಲ್ಲೇ ಅಂತ ನಮ್ಮ ಅಂದಾಜು. ಹೊಲದ ಎರೆಮಣ್ಣು ತಂದು ತುಂಬಿದ್ರೆ ಅದು ನೀರು ಎಳೆದು ಮುದ್ದೆಯಾಗಿ ಕೂತುಬಿಡುತ್ತೆ, ಮೇಲೆ ಬಿರುಕು, ಕೆಳಗೆ ಕೆಸರು. ಬರೀ ನಾರಿನ ಪುಡಿ ಹಾಕಿದ್ರೆ ನೀರು ಚೆನ್ನಾಗಿ ಏರುತ್ತೆ, ಗಿಡಕ್ಕೆ ತಿನ್ನೋಕೆ ಏನೂ ಇಲ್ಲ. ಒಂದು ಬಕೆಟ್ಟಿಗೆ ಹೊಂದೋ ಅಳತೆ ಇದು: ತೆಂಗಿನ ನಾರಿನ ಪುಡಿ 8 ಲೀಟರ್, ಜರಡಿ ಹಿಡಿದ ಎರೆಹುಳು ಗೊಬ್ಬರ 6 ಲೀಟರ್, ಕರಿಕಾದ ಭತ್ತದ ಹೊಟ್ಟು 4 ಲೀಟರ್, ಕೆಂಪು ಮಣ್ಣು 2 ಲೀಟರ್. ಇದಕ್ಕೆ ಬೇವಿನ ಹಿಂಡಿ 80 ಗ್ರಾಂ, ಹೊಂಗೆ ಹಿಂಡಿ 50 ಗ್ರಾಂ, ಮೂಳೆಪುಡಿ 40 ಗ್ರಾಂ, ಜಿಪ್ಸಂ 25 ಗ್ರಾಂ.

ಹೊಸದುರ್ಗ, ಹಿರಿಯೂರು ಕಡೆ ತೆಂಗು ಇದ್ದೇ ಇದೆ, ನಾರು ಬಿಡಿಸೋ ಜಾಗದಲ್ಲಿ ಪುಡಿ ಅಗ್ಗಕ್ಕೆ ಸಿಗುತ್ತೆ. ಆದ್ರೆ ಹಸಿ ಪುಡಿಯಲ್ಲಿ ಉಪ್ಪು ಇರುತ್ತೆ. ಗೋಣಿಚೀಲಕ್ಕೆ ತುಂಬಿ ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ. ಕೊನೆಯ ಸಲ 20 ಲೀಟರ್ ನೀರಿಗೆ 50 ಗ್ರಾಂ ಜಿಪ್ಸಂ ಕರಗಿಸಿ ಒಂದು ರಾತ್ರಿ ಬಿಡಿ. ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಶಿಯಂ ಬಿಟ್ಟು ಆ ಜಾಗಕ್ಕೆ ಸುಣ್ಣದ ಅಂಶ ಕೂರುತ್ತೆ. ಕರಿ ಹೊಟ್ಟು ದಾವಣಗೆರೆಯಲ್ಲಿ ಹುಡುಕೋ ಕೆಲಸವೇ ಇಲ್ಲ, ಮಂಡಕ್ಕಿ ಭಟ್ಟಿಗಳಿವೆ, ಅಕ್ಕಿ ಗಿರಣಿಗಳಿವೆ. ಬರೀ ಹೊಟ್ಟು ಉರಿಸಿದ್ದೇ ಅಂತ ಕೇಳಿಕೊಂಡು ತನ್ನಿ. ಕಪ್ಪಗೆ, ಹೊಟ್ಟಿನ ಆಕಾರ ಉಳಿದದ್ದು ಬೇಕು. ಬಿಳಿ ಬೂದಿಯಾದದ್ದು ಬೇಡ, ಅದು ಮಣ್ಣಿನ ಕ್ಷಾರ ಏರಿಸುತ್ತೆ.

ಎಲ್ಲಾ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಮಾತ್ರ ಬೀಳೋ ಹದಕ್ಕೆ ನೀರು ಚಿಮುಕಿಸಿ, ನೆರಳಲ್ಲಿ ಮೂರು ವಾರ ಚೀಲದಲ್ಲಿಡಿ. ವಾರಕ್ಕೊಮ್ಮೆ ತಿರುವಿ ಹಾಕಿ. ಮೊದಲ ವಾರ ಒಳಗೆ ಕೈ ಹಾಕಿದ್ರೆ ಬಿಸಿ ಹತ್ತುತ್ತೆ, ಮೂಗಿಗೆ ಘಾಟು. ಹಿಂಡಿ ಕೊಳೆಯುವಾಗ ಅಮೋನಿಯಾ ಬಿಡೋದೇ ಆ ಘಾಟು, ಆವಾಗ ಸಸಿ ನೆಟ್ಟರೆ ಬೇರು ಸುಡುತ್ತೆ. ಬಿಸಿ ಇಳಿದು, ಮಳೆಬಿದ್ದ ಮಣ್ಣಿನ ವಾಸನೆ ಬಂದ ಮೇಲೆ ತುಂಬಿ. ಶೇಂಗಾ ಹಿಂಡಿ ಚಳ್ಳಕೆರೆ ಕಡೆ ಸುಲಭಕ್ಕೆ ಸಿಗುತ್ತೆ ನಿಜ, ಆದ್ರೆ ಅದರ ವಾಸನೆಗೆ ಇಲಿ, ಹೆಗ್ಗಣ ಮಾಳಿಗೆ ಹತ್ತುತ್ತವೆ. ಅದನ್ನ ದನಕ್ಕೇ ಬಿಡಿ.

ಈ ಬಗೆ ಕುಂಡ, ಮಣ್ಣಿನ ಲೆಕ್ಕ ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಅಮೆರಿಕ, ಕೆನಡಾದಲ್ಲಿ ಗಾಂಜಾ ಬೆಳೆಯೋರು ಬರೆದದ್ದು ರಾಶಿ ಸಿಗುತ್ತೆ. ನಮ್ಮಲ್ಲಿ ಆ ಗಿಡ ಮನೆಯಲ್ಲಿ ಬೆಳೆಸಿದ್ರೆ 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 20ನೇ ಸೆಕ್ಷನ್‌ನಡಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅದು ಹಾಗಿರಲಿ, ಅವರ ಮಣ್ಣಿನ ಲೆಕ್ಕವೂ ಮೆಣಸಿನಕಾಯಿಗೆ ಹಾಗೇ ಎತ್ತಿಕೊಳ್ಳೋಕೆ ಬರಲ್ಲ. ಅವರು ಬಳಸೋ ಪೀಟ್ ಮಾಸ್ (ಜೌಗು ನೆಲದ ಕೊಳೆತ ಪಾಚಿ) ಹುಳಿ ಗುಣದ್ದು, ಅದಕ್ಕೆ ಸುಣ್ಣ ಬೆರೆಸ್ತಾರೆ. ನಮ್ಮ ನಾರಿನ ಪುಡಿಗೆ ಆ ಹುಳಿ ಇಲ್ಲ, ಬೋರ್ ನೀರಲ್ಲಿ ಸುಣ್ಣ ಮೊದಲೇ ಇದೆ. ಮೇಲೆ ಇನ್ನಷ್ಟು ಸುಣ್ಣ ಹಾಕಿದ್ರೆ ಕಬ್ಬಿಣದ ಅಂಶ ಗಿಡಕ್ಕೆ ಸಿಗದೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ.

ಬೋರ್ ನೀರಿನ ಮಾತಿಗೆ ಬಂದ್ವಿ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾಮೂಲಿ ಕುಂಡದಲ್ಲಿ ನೀರು ಮೇಲಿಂದ ಕೆಳಗೆ ಹೋಗುವಾಗ ಉಪ್ಪನ್ನ ತೊಳೆದುಕೊಂಡು ಹೋಗುತ್ತೆ. ಈ ಬಕೆಟ್ಟಿನಲ್ಲಿ ನೀರು ಕೆಳಗಿಂದ ಮೇಲಕ್ಕೇ ಬರೋದು, ಮೇಲೆ ಬಂದು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಎರಡು ತಿಂಗಳಿಗೆ ಮಣ್ಣಿನ ಮೇಲೆ ಬಿಳಿ ಪದರ, ಎಲೆ ಅಂಚು ಸುಟ್ಟ ಹಾಗೆ ಕಂದು. ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿದ ಉಪ್ಪು ಎಷ್ಟು ಪಿಪಿಎಂ (ಲೀಟರ್‌ಗೆ ಎಷ್ಟು ಮಿಲಿಗ್ರಾಂ) ಅಂತ ಅಳೆಯೋ ಪೆನ್ ಒಂದು ತೆಗೆದಿಟ್ಟುಕೊಳ್ಳಿ. ಮೆಣಸಿನಕಾಯಿಗೆ 650 ಪಿಪಿಎಂ ದಾಟಿದ ನೀರು ಇಳುವರಿ ತಗ್ಗಿಸೋಕೆ ಶುರು ಮಾಡುತ್ತೆ, ಟೊಮೆಟೊ ಸುಮಾರು 1100ರ ತನಕ ತಡೆಯುತ್ತೆ. ಚಿತ್ರದುರ್ಗದ ಎಷ್ಟೋ ಬೋರ್‌ಗಳ ನೀರು ಇದನ್ನ ಮೀರಿರುತ್ತೆ. ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ಬರೋ ನಲ್ಲಿ ನೀರು, ಇಲ್ಲಾ ಹಿಡಿದಿಟ್ಟ ಮಳೆನೀರು ಅರ್ಧಕ್ಕರ್ಧ ಬೆರೆಸಿ. ಆರ್‌ಒ ಮೆಷಿನ್ನಿನ ವೇಸ್ಟ್ ನೀರು ಹಾಕಲೇಬೇಡಿ, ಉಪ್ಪೆಲ್ಲಾ ಅದರಲ್ಲೇ ಒಟ್ಟಾಗಿರುತ್ತೆ. ಮೂರು ವಾರಕ್ಕೊಮ್ಮೆ ಹೊರತೂತಿನ ಜಾಲರಿ ಕಟ್ಟಿಕೊಂಡಿಲ್ಲ ಅಂತ ನೋಡಿಕೊಂಡು, ಮೇಲಿಂದ ನಿಧಾನಕ್ಕೆ 10 ಲೀಟರ್ ಒಳ್ಳೆ ನೀರು ಹುಯ್ದು, ಬಕೆಟ್ ಓರೆ ಮಾಡಿ ತಳದ ನೀರನ್ನೆಲ್ಲಾ ಚೆಲ್ಲಿ. ಮಳೆಗಾಲದಲ್ಲಿ ಈ ಕೆಲಸ ಮಳೆಯೇ ಮಾಡುತ್ತೆ.

ಬಿತ್ತನೆ ಆಗಸ್ಟ್ ಕೊನೆಗೆ. 35-40 ದಿನದ ಸಸಿ ಅಕ್ಟೋಬರ್ ಹೊತ್ತಿಗೆ ಬಕೆಟ್ಟಿಗೆ, ಒಂದಕ್ಕೆ ಒಂದೇ. ಕಪ್ಪಿನೊಳಗೆ ಒದ್ದೆ ಮಣ್ಣನ್ನ ಬೆರಳಿಂದ ಒತ್ತಿ ತುಂಬಿ, ಟೊಳ್ಳು ಉಳಿದ್ರೆ ನೀರು ಏರಲ್ಲ. ಉಳಿದದ್ದನ್ನ ಸಡಿಲವಾಗೇ ತುಂಬಿ. ಮೊದಲ ಹತ್ತು-ಹನ್ನೆರಡು ದಿನ ಮೇಲಿಂದಲೇ ನೀರು ಕೊಡಿ, ಬೇರು ಕೆಳಗಿಳಿದ ಮೇಲೆ ಪೈಪಿನಿಂದ. ಟೊಮೆಟೊ ಇಡೋದಾದ್ರೆ ಬೆಂಗಳೂರಿನ ಐಐಎಚ್‌ಆರ್‌ನ (ತೋಟಗಾರಿಕೆ ಸಂಶೋಧನಾ ಸಂಸ್ಥೆ) ಅರ್ಕಾ ರಕ್ಷಕ್ ತಳಿ ಒಳ್ಳೇದು, ಎಲೆ ಮುಟುರು ವೈರಸ್ ಮತ್ತು ದುಂಡಾಣು ಸೊರಗು ಎರಡನ್ನೂ ತಡೆಯುತ್ತೆ. ಹಗಲು 35 ಡಿಗ್ರಿ ದಾಟೋ ದಿನಗಳಲ್ಲಿ ಟೊಮೆಟೊ ಹೂ ಉದುರೋದು ಸಹಜ, ಅದಕ್ಕೆ ಔಷಧಿ ಹುಡುಕಬೇಡಿ.

ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಗುಳಿ ಬಿದ್ದರೆ ಅದು ರೋಗ ಅಲ್ಲ. ತಳದ ನೀರು ಒಂದು ದಿನ ಪೂರ್ತಿ ಒಣಗಿ ಮಾರನೇ ದಿನ ತುಂಬಿದಾಗ ಕ್ಯಾಲ್ಸಿಯಂ ಕಾಯಿಯ ತುದಿ ತನಕ ತಲುಪಲ್ಲ. ಜಿಪ್ಸಂ ಎಷ್ಟೇ ಹಾಕಿ, ನೀರು ಒಂದೇ ಸಮ ಇಲ್ಲದಿದ್ರೆ ಅದು ನಿಲ್ಲಲ್ಲ.

ಹೂ ಬಿಟ್ಟ ಮೇಲೆ ಇಪ್ಪತ್ತು ದಿನಕ್ಕೊಮ್ಮೆ ಎರಡು ಬೊಗಸೆ ಎರೆಗೊಬ್ಬರ. ಸುಮ್ಮನೆ ಮೇಲೆ ಸುರಿದ್ರೆ ಪ್ರಯೋಜನ ಇಲ್ಲ, ಈ ಬಕೆಟ್ಟಿನಲ್ಲಿ ಮೇಲಿನ ಒಂದಿಂಚು ಯಾವಾಗಲೂ ಒಣಗೇ ಇರುತ್ತೆ, ಒಣ ಗೊಬ್ಬರ ಗಿಡಕ್ಕೆ ಸೇರಲ್ಲ. ಕೈಯಿಂದ ಕೆದಕಿ ಬೆರೆಸಿ ಅರ್ಧ ಲೀಟರ್ ನೀರು ಹಾಕಿ. ಜೀವಾಮೃತವೂ (ಸಗಣಿ, ಗಂಜಲ, ಬೆಲ್ಲ ಹುದುಗಿಸಿದ ನೀರು) ಮೇಲಿಂದಲೇ, ಒಂದಕ್ಕೆ ಹತ್ತು ನೀರು ಬೆರೆಸಿ, ಅರ್ಧ ಲೀಟರ್. ಪೈಪಿನೊಳಗೆ ಹುಯ್ದರೆ ತಳದಲ್ಲಿ ಕೊಳೆತು ಮನೆಯೆಲ್ಲಾ ನಾರುತ್ತೆ.

ಮೇಲೆ ಹೊದಿಕೆಗೆ ಶೇಂಗಾ ಸಿಪ್ಪೆ ಎರಡು ಬೆರಳು ದಪ್ಪ. ಮೊದಲು ಎರಡು-ಮೂರು ದಿನ ಬಿಸಿಲಿಗೆ ಹರವಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ. ಶೇಂಗಾ ಬುಡ ಕೊಳೆಸೋ ಬಿಳಿ ಬೂಷ್ಟು ಟೊಮೆಟೊ, ಮೆಣಸಿನಕಾಯಿಗೂ ಹತ್ತುತ್ತೆ. ಕಪ್ಪು ಬಣ್ಣದ ಬಕೆಟ್ ಆದ್ರೆ ಬಿಳಿ ಸುಣ್ಣ ಬಳಿಯಿರಿ, ಇಲ್ಲಾ ಗೋಣಿ ಸುತ್ತಿ, ಬಿಸಿಲಿಗೆ ತಳದ ನೀರೇ ಕಾದು ಬೇರು ಬೇಯುತ್ತೆ.

ಮೆಣಸಿನಗಿಡಕ್ಕೆ ಮುಟುರು (ಎಲೆ ಮುದುಡೋದು) ಬಂದಾಗ ಎಲೆ ತಿರುವಿ ನೋಡಿ. ಅಂಚು ಮೇಲಕ್ಕೆ ಸುರುಳಿಯಾದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಕ್ಕೆ ಮಡಿಚಿದ್ರೆ ಮೈಟ್ ನುಸಿ. ಬೇವಿನೆಣ್ಣೆ 5 ಮಿ.ಲೀ., ಸೋಪಿನ ದ್ರಾವಣ 1 ಮಿ.ಲೀ., ಒಂದು ಲೀಟರ್ ನೀರಿಗೆ, ಸಂಜೆ, ಎಲೆಯ ಅಡಿಗೆ ಬೀಳೋ ಹಾಗೆ. ಐದು ದಿನ ಬಿಟ್ಟು ಮತ್ತೊಮ್ಮೆ. ಚಿಗುರು ಪೂರ್ತಿ ಮುದುಡಿ ಸಣ್ಣೆಲೆ ಗೊಂಚಲು ಕಟ್ಟಿದ್ರೆ ಅದು ವೈರಸ್, ಕಿತ್ತು ದೂರ ಹಾಕಿ.

ತುಂಬಿದ ಬಕೆಟ್ 20 ಕೆ.ಜಿ. ಹತ್ತಿರ ತೂಗುತ್ತೆ, ಮಾಳಿಗೆ ನಡುವೆ ಗುಂಪು ಕೂಡಿಸದೆ ಗೋಡೆ, ತೊಲೆ ಇರೋ ಸಾಲಿಗೆ ಇಡಿ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರ ತಿರುಗಿಸೋ ಆಷಾಢದ ಗಾಳಿ ಚಿತ್ರದುರ್ಗದ ಮಾಳಿಗೆಗಳನ್ನೂ ಬಿಡಲ್ಲ. ಊರುಗೋಲನ್ನ ಮಣ್ಣಿಗೆ ಮಾತ್ರ ಚುಚ್ಚಿದ್ರೆ ಸಾಲದು, ಬಕೆಟ್ಟಿನ ಅಂಚಿಗೂ ಕಟ್ಟಿ.

ಫಸಲು ಮುಗಿದ ಮಣ್ಣನ್ನ ಎಸೆಯಬೇಡಿ. ಬೇರು ಆರಿಸಿ ತೆಗೆದು, 20 ಲೀಟರ್ ನೀರಲ್ಲಿ ತೊಳೆದು, 4 ಲೀಟರ್ ಹೊಸ ಗೊಬ್ಬರ ಸೇರಿಸಿ ಎರಡು ವಾರ ಬಿಡಿ. ಅದೇ ಬಕೆಟ್ಟಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಮೂರೂ ಒಂದೇ ಕುಟುಂಬ, ರೋಗವೂ ಒಂದೇ. ಮುಂದಿನ ಸರದಿ ಬೀನ್ಸಿಗೋ ಪಾಲಕ್ಕಿಗೋ ಕೊಡಿ. ಮೆಂತ್ಯ ಹಾಕೋರು ಮೊದಲ ವಾರ ಮೇಲಿಂದಲೇ ನೀರು ಚಿಮುಕಿಸಿ, ಅದರ ಬೇರು ಒದ್ದೆ ಪದರಕ್ಕೆ ಇಳಿಯೋ ತನಕ ಪೈಪಿನ ನೀರು ಅದಕ್ಕೆ ಮುಟ್ಟಲ್ಲ.